ಎಲ್ಲಿಯವನು ನೀನು ಅಂತ ಕೇಳಿದರು

ಆ ಕಾಗದ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ನಮಗಲ್ಲ, ಪಕ್ಕದ ಮನೆಗೆ.

ನಾವಿರುವುದು ಲಾಸ್ ಏಂಜಲೀಸ್ ಕೌಂಟಿಯ ಒಂದು ಊರಿನಲ್ಲಿ, ಹಳೇ ಅಪಾರ್ಟ್‌ಮೆಂಟಿನ ಮೊದಲನೇ ಮಹಡಿಯಲ್ಲಿ. ಗೋಡೆಯ ಆ ಕಡೆ ಮೆಕ್ಸಿಕೋ ಮೂಲದ ಒಂದು ಕುಟುಂಬ. ಆ ಮನೆಯಾಕೆ ನನ್ನನ್ನು ‘ವೆಸಿನಾ’ ಅಂತ ಕರೆಯುತ್ತಾರೆ. ಸ್ಪ್ಯಾನಿಷ್‌ನಲ್ಲಿ ಪಕ್ಕದ ಮನೆಯವಳು ಅಂತ ಅರ್ಥ. ನಾನೂ ಅವರನ್ನು ಹಾಗೇ ಕರೆಯುತ್ತೇನೆ. ಅವರ ಮಗನಿಗೆ ಆಗ 16 ವರ್ಷ, ನನ್ನ ಮಗನಿಗೂ ಅಷ್ಟೇ. ಇಬ್ಬರೂ ಒಂದೇ ಶಾಲೆ. ದಾವಣಗೆರೆಯಲ್ಲಿ ಹೈಸ್ಕೂಲಿಗೆ ಗಣಿತ ಪಾಠ ಮಾಡುತ್ತಿದ್ದವಳು ನಾನು. ಇಲ್ಲಿಗೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ವಾರಕ್ಕೆ ಎರಡು ಸಂಜೆ ಇಬ್ಬರನ್ನೂ ಊಟದ ಮೇಜಿಗೆ ಕೂರಿಸಿ ಲೆಕ್ಕ ಮಾಡಿಸುತ್ತಿದ್ದೆ. ಪಕ್ಕದ ಮನೆಯ ಹುಡುಗ ನನ್ನನ್ನು ‘ಮಿಸ್’ ಅನ್ನುತ್ತಿದ್ದ.

ಆಕೆ ಲಕೋಟೆ ಹಿಡಿದು ಬಂದಾಗ ಬಾಗಿಲಲ್ಲೇ ಕೇಳಿದರು: ‘ವೆಸಿನಾ, ಇದರಲ್ಲಿ ಏನು ಬರೆದಿದ್ದಾರೆ? ನನ್ನ ಮಗ ಏನು ಮಾಡಿದ?’ ಕಾಗದ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಮೇಲ್ಗಡೆ ಪೊಲೀಸ್ ಇಲಾಖೆಯ ಮುದ್ರೆ. ನಾನು ನಿಂತಲ್ಲೇ ಎರಡು ಸಲ ಓದಿದೆ. ನಿಮ್ಮ ಮಗನನ್ನು ಒಂದು ಬೀದಿ ಗ್ಯಾಂಗಿನ ಸಹಚರ ಎಂದು ಗುರುತಿಸಿದ್ದೇವೆ, ಅವನ ಹೆಸರನ್ನು ಕ್ಯಾಲ್‌ಗ್ಯಾಂಗ್ ಡೇಟಾಬೇಸ್‌ಗೆ ಸೇರಿಸುತ್ತೇವೆ ಅಂತ ಇತ್ತು. ಕೆಳಗೆ ಕಾರಣಗಳು. ಗ್ಯಾಂಗ್ ಓಡಾಡುವ ಜಾಗದಲ್ಲಿ ಕಂಡಿದ್ದಾನೆ. ಪಟ್ಟಿಯಲ್ಲಿರುವ ಗ್ಯಾಂಗ್ ಸದಸ್ಯನ ಜೊತೆಗಿದ್ದ. ಗ್ಯಾಂಗ್ ಉಡುಪು ಹಾಕಿದ್ದ. ತಾನೇ ಒಪ್ಪಿಕೊಂಡಿದ್ದಾನೆ. ಅಪರಾಧ ಮಾಡಿದ ಅಂತ ಎಲ್ಲೂ ಇಲ್ಲ.

ರೌಡಿ ಶೀಟ್ ಅಂದರೆ ನಮ್ಮವರಿಗೆ ಬೇಗ ತಿಳಿಯುತ್ತದೆ, ಅಲ್ವಾ? ಹೆಚ್ಚುಕಡಿಮೆ ಅದೇ ಬಗೆಯದು. ಆದರೆ ಇದು ಒಂದು ಠಾಣೆಯ ಬೀರುವಿನಲ್ಲಿರುವ ಫೈಲಲ್ಲ. ಕ್ಯಾಲಿಫೋರ್ನಿಯಾದ ಬೇರೆ ಬೇರೆ ಪೊಲೀಸ್ ಇಲಾಖೆಗಳು ಹಂಚಿಕೊಳ್ಳುವ ಕಂಪ್ಯೂಟರ್ ಪಟ್ಟಿ. ಪೊಲೀಸರು ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸಿ ಒಂದು ಚಿಕ್ಕ ಕಾರ್ಡ್ ತುಂಬುತ್ತಾರೆ. ಫೀಲ್ಡ್ ಇಂಟರ್‌ವ್ಯೂ ಕಾರ್ಡ್ ಅಂತ ಅದಕ್ಕೆ ಹೆಸರು. ಆಗಿನ ನಿಯಮದಲ್ಲಿ ಎರಡು ಲಕ್ಷಣ ಕಂಡರೆ ಸಾಕು, ಹೆಸರು ಸೇರಿಸಬಹುದಿತ್ತು. ಕೇಸು ಬೇಕಿರಲಿಲ್ಲ, ಬಂಧನ ಬೇಕಿರಲಿಲ್ಲ. ಒಮ್ಮೆ ಸೇರಿದರೆ ಐದು ವರ್ಷ ಇರುತ್ತಿತ್ತು. ನಡುವೆ ಮತ್ತೊಮ್ಮೆ ನಿಲ್ಲಿಸಿ ಮತ್ತೊಂದು ಕಾರ್ಡ್ ಬರೆದರೆ ಐದು ವರ್ಷ ಅಲ್ಲಿಂದ ಹೊಸದಾಗಿ ಶುರು. ಮುಂದೆ ಆ ಹುಡುಗನನ್ನು ಯಾವ ಊರಲ್ಲಿ ನಿಲ್ಲಿಸಿದರೂ ಪೊಲೀಸರು ಅವನನ್ನು ನೋಡುವ ಕಣ್ಣೇ ಬೇರೆ.

ಹುಡುಗನನ್ನು ಕರೆದು ಕೂರಿಸಿ ಕೇಳಿದೆ. ಆಗಸ್ಟ್‌ನಲ್ಲಿ ಒಂದು ಸಂಜೆ, ನಮ್ಮ ಬೀದಿ ಕೊನೆಯ ಪಾರ್ಕಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಮುಗಿಸಿದ್ದರಂತೆ. ಅವನ ದೊಡ್ಡಮ್ಮನ ಮಗ ಕಾರಿನಲ್ಲಿ ಕರೆದೊಯ್ಯಲು ಬಂದಿದ್ದ. ಕಾರಿನ ಪಕ್ಕ ನಿಂತಿದ್ದಾಗ ಪೊಲೀಸ್ ಗಾಡಿ ನಿಂತಿತು. ‘ಎಲ್ಲಿಯವನು ನೀನು?’ ಅಂತ ಕೇಳಿದರು. ಹುಡುಗ ನಮ್ಮ ಬೀದಿಯ ಹೆಸರು ಹೇಳಿದ.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವೂರಮ್ಮ ನಿಮ್ದು’ ಅಂತ ಕೇಳಿದರೆ ಅಲ್ಲಿಂದ ಒಂದು ಪರಿಚಯ ಹುಟ್ಟುತ್ತದೆ. ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ಅದೇ ಪ್ರಶ್ನೆಗೆ ಬೇರೆ ಅರ್ಥವಿದೆ. ಯಾವ ಗ್ಯಾಂಗಿನವನು ನೀನು ಅಂತ. ಇಲ್ಲಿ ಎಷ್ಟೋ ಗ್ಯಾಂಗುಗಳಿಗೆ ಬೀದಿಯ ಹೆಸರೇ ಇರುತ್ತದೆ. ನಮ್ಮ ಬೀದಿಯ ಹೆಸರಿನಲ್ಲೂ ಒಂದಿದೆ. ಮನೆ ವಿಳಾಸ ಹೇಳಿದ ಹುಡುಗ ಕಾರ್ಡಿನಲ್ಲಿ ಒಪ್ಪಿಕೊಂಡ ಹುಡುಗನಾಗಿದ್ದ.

ಅಷ್ಟು ಹೇಳಿ ಅವನು ಸುಮ್ಮನಾದ. ಪಕ್ಕದಲ್ಲಿ ಕೂತಿದ್ದ ನನ್ನ ಮಗ ಬಾಯಿಬಿಟ್ಟ. ‘ಅಮ್ಮಾ, ನಾನೂ ಅಲ್ಲೇ ಇದ್ದೆ. ಬೆಂಚಿನ ಮೇಲೆ ಶೂ ಲೇಸ್ ಕಟ್ಟುತ್ತಿದ್ದೆ. ನನಗೆ ಮನೆಗೆ ಹೋಗು ಅಂದರು.’ ಇಬ್ಬರೂ ಒಂದೇ ಬೀದಿಯವರು. ಇಬ್ಬರ ತಲೆ ಮೇಲೂ ನೀಲಿ ಡಾಡ್ಜರ್ಸ್ ಟೋಪಿ, ಬೇಸ್‌ಬಾಲ್ ತಂಡದ್ದು, ನಾನೇ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡು ತಂದಿದ್ದೆ. ‘ನನ್ನನ್ನ ಯಾಕೆ ಕೇಳಲಿಲ್ಲ?’ ಅಂದ ಮಗ. ಉತ್ತರ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಕ್ಕದ ಮನೆಯ ಹುಡುಗ ಮೇಜನ್ನೇ ನೋಡುತ್ತಾ ಕೂತಿದ್ದ. ನನಗೆ ಅವತ್ತು ಆದ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಲೆಕ್ಕಪರಿಶೋಧಕರು ಈ ಕ್ಯಾಲ್‌ಗ್ಯಾಂಗ್ ಬಗ್ಗೆ 2016ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯನ್ನು ಕೂತು ಓದಿದೆ. ಪಟ್ಟಿಯಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಹೆಸರು. ಅದರಲ್ಲಿ ನೂರಕ್ಕೆ ಸುಮಾರು 65 ಲ್ಯಾಟಿನೋಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು, 20 ಕಪ್ಪು ಜನರು. ಸೇರಿಸುವಾಗ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸು ಎಂದು ದಾಖಲಾದವರು 42 ಮಂದಿ. ಅವರಲ್ಲಿ 28 ಮಂದಿಯ ಮುಂದೆ ‘ಗ್ಯಾಂಗ್ ಸದಸ್ಯ ಎಂದು ತಾನೇ ಒಪ್ಪಿಕೊಂಡಿದ್ದಾನೆ’ ಅಂತ ಬರೆದಿತ್ತು. ಐದು ವರ್ಷಕ್ಕೆ ಅಳಿಸಬೇಕಾದ 600ಕ್ಕೂ ಹೆಚ್ಚು ಹೆಸರುಗಳಿಗೆ ಅದಕ್ಕೂ ಆಚೆಯ ದಿನಾಂಕ, ಎಷ್ಟಕ್ಕೋ ನೂರು ವರ್ಷಕ್ಕಿಂತ ಮುಂದಿನ ದಿನಾಂಕ ಹಾಕಿದ್ದರು. ಮಾತು ಬಾರದ ಕೂಸು ಒಪ್ಪಿಕೊಂಡಿದೆ ಅಂತ ಬರೆದ ಪಟ್ಟಿಯೊಳಗೆ ನಮ್ಮ ಹುಡುಗನ ಒಪ್ಪಿಗೆಯೂ ಸೇರಲಿತ್ತು.

ಆಕೆಗೆ ಇನ್ನೊಂದು ಹೆದರಿಕೆ. ಮನೆಯಲ್ಲಿ ಕೆಲವರಿಗೆ ವಲಸೆಯ ಕಾಗದಪತ್ರ ಪಕ್ಕಾ ಇರಲಿಲ್ಲ. 2017ರಲ್ಲಿ ಶಿಕಾಗೋದಲ್ಲಿ ವಲಸೆ ಇಲಾಖೆಯವರು ಒಬ್ಬ ತಂದೆಯನ್ನು ಮನೆಗೆ ನುಗ್ಗಿ ಹಿಡಿದಿದ್ದರು. ಅಲ್ಲಿನ ಪೊಲೀಸರ ಗ್ಯಾಂಗ್ ಪಟ್ಟಿಯಲ್ಲಿ ಅವನ ಹೆಸರಿತ್ತು, ಅದೂ ಒಂದಕ್ಕೊಂದು ವೈರಿಗಳಾದ ಎರಡು ಗ್ಯಾಂಗುಗಳಲ್ಲಿ. ಅವನು ಮೊಕದ್ದಮೆ ಹೂಡಿದ ಮೇಲೆ ನಗರ ರಾಜಿಗೆ ಬಂತು. ಅಷ್ಟರಲ್ಲಿ ಎಷ್ಟೋ ತಿಂಗಳು ಅವನು ಬಂಧನದಲ್ಲಿ ಕಳೆದಿದ್ದ. ಈ ಸುದ್ದಿ ಲ್ಯಾಟಿನೋ ಮನೆಗಳಲ್ಲಿ ಬಾಯಿಂದ ಬಾಯಿಗೆ ಹರಡಿತ್ತು. ‘ನಾವು ಸುಮ್ಮನಿದ್ದುಬಿಡೋಣ ವೆಸಿನಾ’ ಅಂದರು. ಎರಡು ದಿನ ಬಿಟ್ಟು ಅವರೇ ಬಂದು, ‘ಇಲ್ಲ, ಸುಮ್ಮನಿದ್ದರೆ ಅವನು ಹೌದು ಅಂದ ಹಾಗಾಗುತ್ತೆ’ ಅಂದರು.

ಒಂದು ಕಾನೂನು ಕಾಲೇಜಿನ ಉಚಿತ ನೆರವು ಕೇಂದ್ರಕ್ಕೆ ಹೋದೆವು. ಅಲ್ಲಿನ ವಕೀಲೆ ಕಪ್ಪು ಮಹಿಳೆ, ಐವತ್ತರ ಆಸುಪಾಸು. ಕಾಗದ ನೋಡಿ ಮೊದಲು ಹೇಳಿದ್ದು, ‘ಇದು ನಿಮ್ಮ ಕೈಗೆ ಬಂದದ್ದೇ ದೊಡ್ಡದು.’ ಮೊದಲೆಲ್ಲ ಹೇಳುತ್ತಲೇ ಇರಲಿಲ್ಲವಂತೆ. 2013ರಲ್ಲಿ ಮಾಡಿದ ಕಾನೂನಿನಿಂದ 18 ತುಂಬದವರ ತಂದೆ ತಾಯಿಗೆ ತಿಳಿಸಬೇಕಾಯಿತು. 2016ರ ಕಾನೂನು ದೊಡ್ಡವರಿಗೂ ಆ ಹಕ್ಕು ಕೊಟ್ಟಿತು, ಇಲಾಖೆ ಒಪ್ಪದಿದ್ದರೆ ಕೋರ್ಟಿಗೆ ಹೋಗುವ ದಾರಿಯನ್ನೂ ತೆರೆಯಿತು. 2017ರಲ್ಲಿ ಇಡೀ ಪಟ್ಟಿಯ ಉಸ್ತುವಾರಿಯನ್ನು ರಾಜ್ಯದ ನ್ಯಾಯ ಇಲಾಖೆಗೆ ವಹಿಸಿದರು. ಈಗಲೂ ತನಿಖೆಗೆ ತೊಂದರೆ ಅಂದರೆ ತಿಳಿಸದೇ ಇರಬಹುದು.

ಆಮೇಲೆ ಅವರು ಹೇಳಿದ ಮಾತನ್ನು ಈ ದಾರಿ ಹಿಡಿಯುವ ಯಾರಾದರೂ ನೆನಪಿಡಬೇಕು. ಮೊದಲು ಇಲಾಖೆಗೇ ಆಕ್ಷೇಪಣೆ ಬರೆಯಬೇಕು. ಅವರು ಒಪ್ಪದಿದ್ದರೆ ಕೋರ್ಟು. ಆದರೆ ಕೋರ್ಟಿನಲ್ಲಿ ಹೊಸ ಸಾಕ್ಷಿ ತರುವ ಹಾಗಿಲ್ಲ. ಇಲಾಖೆ ಕೊಟ್ಟ ಕಾರಣ, ನಾವು ಇಲಾಖೆಗೆ ಕೊಟ್ಟ ಕಾಗದ, ಇವೆರಡನ್ನೇ ನ್ಯಾಯಾಧೀಶರು ನೋಡುವುದು. ‘ಈ ಲಕೋಟೆಯೇ ನಿಮ್ಮ ಕೋರ್ಟು. ಇವತ್ತು ಇದರೊಳಗೆ ಹಾಕದೇ ಇದ್ದದ್ದು ಆಮೇಲೆ ಇಲ್ಲವೇ ಇಲ್ಲ’ ಅಂದರು.

ಮೂರು ವಾರ ಲಕೋಟೆ ತುಂಬಿಸಿದೆವು. ಹಾಜರಿ ಪಟ್ಟಿ, ಅಂಕಪಟ್ಟಿ. ಬಾಸ್ಕೆಟ್‌ಬಾಲ್ ಕೋಚ್ ಪತ್ರ. ಶನಿವಾರ ಭಾನುವಾರ ಅವನು ಕೆಲಸ ಮಾಡುವ ಬೇಕರಿಯ ಪಾಳಿ ಚೀಟಿಗಳು. ಚರ್ಚಿನ ಪಾದ್ರಿ ಎರಡು ಸಾಲು ಬರೆದುಕೊಟ್ಟರು. ವಿದ್ಯಾರ್ಥಿ ವಕೀಲನೊಬ್ಬ ನಮ್ಮ ಬೀದಿಯ ನಕ್ಷೆ ಮಾಡಿದ. ಮನೆಯಿಂದ ಪಾರ್ಕಿಗೆ 300 ಹೆಜ್ಜೆ. ಗ್ಯಾಂಗ್ ಓಡಾಡುವ ಜಾಗ ಅಂದರಲ್ಲ, ಅದು ಅವನು ನಡೆಯಲು ಕಲಿತ ಜಾಗ. ಅಪ್ಪನ ಹೆಗಲ ಮೇಲೆ ಕೂತು ಡಾಡ್ಜರ್ಸ್ ಪಂದ್ಯ ನೋಡುತ್ತಿರುವ ಫೋಟೋ ಹುಡುಕಿದೆವು. ಅವನಿಗೆ ಆಗ ನಾಲ್ಕು ವರ್ಷ. ತಲೆ ಮೇಲೆ ಅದೇ ನೀಲಿ ಟೋಪಿ.

ಕಷ್ಟವಾದದ್ದು ‘ಗ್ಯಾಂಗ್ ಸದಸ್ಯನ ಜೊತೆಗಿದ್ದ’ ಅನ್ನುವುದು. ಆ ಸಂಜೆ ಜೊತೆಗಿದ್ದವನು ದೊಡ್ಡಮ್ಮನ ಮಗ ಒಬ್ಬನೇ. ಅಂದರೆ ಪಟ್ಟಿಯಲ್ಲಿರುವುದು ಅವನು. 20 ವರ್ಷದ ಆ ಹುಡುಗ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಯಾವತ್ತೂ ಯಾವ ಕಾಗದವೂ ಬಂದಿರಲಿಲ್ಲ. ತನ್ನ ಹೆಸರು ಪಟ್ಟಿಯಲ್ಲಿದೆ ಅಂತ ಅವನಿಗೆ ಗೊತ್ತಾದದ್ದೇ ತಮ್ಮನಿಗೆ ಬಂದ ಕಾಗದದಿಂದ. ಇನ್ನು ಜೊತೆ ಓಡಾಡಬೇಡ ಅಂತ ಹೇಳುವುದು ಹೇಗೆ? ಸ್ಪ್ಯಾನಿಷ್‌ನಲ್ಲಿ ಇಂಥ ಸಂಬಂಧಕ್ಕೆ ‘ಪ್ರಿಮೊ ಎರ್ಮಾನೋ’ ಅನ್ನುತ್ತಾರೆ. ಎರ್ಮಾನೋ ಅಂದರೆ ಅಣ್ಣತಮ್ಮ. ನಮಗೂ ದೊಡ್ಡಮ್ಮನ ಮಗ ಅಂದರೆ ಅಣ್ಣನೇ ತಾನೇ. ನಾನು ಒಂದು ಹಾಳೆಯಲ್ಲಿ ಅವರ ವಂಶವೃಕ್ಷ ಬರೆದೆ. ಅಕ್ಕ ತಂಗಿಯರ ಜನನ ಪತ್ರ, ಮಕ್ಕಳ ಜನನ ಪತ್ರ ಜೋಡಿಸಿದೆ. ಅಣ್ಣನ ಕಾರು ಹತ್ತಿದ ಅನ್ನುವುದಕ್ಕೆ ಇಷ್ಟು ಕಾಗದ.

ಕೊನೆಗೆ ಉಳಿದದ್ದು ನನ್ನ ಮಗನ ಹೇಳಿಕೆ. ಅಲ್ಲಿದ್ದೆ, ನನ್ನ ತಲೆ ಮೇಲೂ ಅದೇ ಟೋಪಿ ಇತ್ತು, ನನ್ನನ್ನು ಕೇಳಲಿಲ್ಲ ಅಂತ. ಸುಳ್ಳಾದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂದು ಬರೆದು ಸಹಿ ಹಾಕಬೇಕು. ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯವರು ಒಂದು ವಾರ ಬೇಡ ಅಂದರು. ‘ಪೊಲೀಸರ ವಿಷಯ ಕಣೇ, ನಾವು ವೀಸಾದ ಮೇಲೆ ಇರೋರು.’ ಅವರ ಹೆದರಿಕೆ ಸುಳ್ಳಲ್ಲ. ಅದು ನನ್ನದೂ ಹೌದು. ನಿರ್ಧಾರ ಮಾಡಿದ್ದು ಮಗ. ‘ಅಪ್ಪಾ, ಅವನು ನನ್ನ ಪಕ್ಕ ಕೂತು ಲೆಕ್ಕ ಮಾಡ್ತಾನೆ’ ಅಂದ, ಅಷ್ಟೇ. ಅವರು ಪೆನ್ನು ಕೊಟ್ಟರು.

ನವೆಂಬರ್ ಮಧ್ಯದಲ್ಲಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆವು. ತಲುಪಿದೆ ಅನ್ನುವ ಹಸಿರು ಕಾರ್ಡ್ ವಾಪಸ್ ಬಂತು. ಅದನ್ನು ಆಕೆ ಅಡುಗೆಮನೆಯಲ್ಲಿ ಗ್ವಾಡಲೂಪೆ ಮಾತೆಯ ಪಟದ ಹಿಂದೆ ಇಟ್ಟರು. ಇಲಾಖೆ 30 ದಿನದೊಳಗೆ ಉತ್ತರ ಕೊಡಬೇಕು. ಕೊಡಲಿಲ್ಲ. ಉತ್ತರ ಬರದಿದ್ದರೆ ಆಕ್ಷೇಪಣೆ ತಿರಸ್ಕಾರವಾಯಿತು ಅಂತಲೇ ಲೆಕ್ಕ, ಕಾನೂನೇ ಹಾಗಿದೆ. ಓದಿದವರು ಯಾರಾದರೂ ಇದ್ದರೋ ಇಲ್ಲವೋ. ಆ ಫೋಟೋ ನೋಡಿದರೋ ಇಲ್ಲವೋ. ಡಿಸೆಂಬರ್ ರಜೆಯಲ್ಲಿ ಹುಡುಗ ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದ. ಟೋಪಿ ಹಾಕುವುದನ್ನೂ ಬಿಟ್ಟ. ಒಂದು ಸಂಜೆ ಲೆಕ್ಕದ ಪುಸ್ತಕ ಮುಚ್ಚಿ, ‘ಮಿಸ್, ಎಲ್ಲಿಯವನು ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕು?’ ಅಂತ ಕೇಳಿದ. ಕೇಳುವವರು ಪೊಲೀಸರೇ ಆಗಬೇಕಿಲ್ಲ. ಗ್ಯಾಂಗಿನ ಹುಡುಗರೂ ಅದನ್ನೇ ಕೇಳುತ್ತಾರೆ, ಅವರಿಗೆ ತಪ್ಪು ಬೀದಿ ಹೇಳಿದರೆ ಜೀವಕ್ಕೇ ಅಪಾಯ.

ತಿರಸ್ಕಾರವಾದ ದಿನದಿಂದ 90 ದಿನದೊಳಗೆ ಸುಪೀರಿಯರ್ ಕೋರ್ಟಿಗೆ, ಅಂದರೆ ಕೌಂಟಿಯ ವಿಚಾರಣಾ ಕೋರ್ಟಿಗೆ, ಅರ್ಜಿ ಹಾಕಬೇಕು. ಎಂಸಿ-1000 ಅಂತ ಅದಕ್ಕೆಂದೇ ಒಂದು ಫಾರಂ ಇದೆ. ಫೆಬ್ರವರಿಯಲ್ಲಿ ವಕೀಲೆ ಹಾಕಿದರು. ವಿಚಾರಣೆ ಏಪ್ರಿಲ್ ಕೊನೆಗೆ ಬಂತು.

ಕೋರ್ಟಿನಲ್ಲಿ ಜನ ಕಡಿಮೆ. ಹುಡುಗ ಅಪ್ಪನ ಬಿಳಿ ಅಂಗಿ ಹಾಕಿದ್ದ, ತೋಳು ಉದ್ದವಾಗಿತ್ತು. ಅವನಮ್ಮನ ಕಿವಿಯ ಹತ್ತಿರ ದುಭಾಷಿ ಮೆಲ್ಲಗೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದರು. ಇಲಾಖೆ ಪರ ವಕೀಲರು ತಂದದ್ದು ಆ ಒಂದು ಕಾರ್ಡಿನ ಪ್ರತಿ, ಮೇಲೆ ಅರ್ಧ ಪುಟದ ವಿವರಣೆ. ಇಲ್ಲಿ ಸಾಬೀತು ಮಾಡುವ ಹೊರೆ ಇಲಾಖೆಯ ಮೇಲಿರುತ್ತದೆ. ಅದೂ ಸುಮ್ನೆ ಇರಬಹುದು ಅನ್ನುವಷ್ಟಲ್ಲ, ಸ್ಪಷ್ಟವಾಗಿ, ಮನಸ್ಸಿಗೆ ನಾಟುವಂತೆ ಸಾಬೀತಾಗಬೇಕು.

ನ್ಯಾಯಾಧೀಶರು ಕಾರ್ಡನ್ನು ಬಹಳ ಹೊತ್ತು ನೋಡಿದರು. ‘ಒಪ್ಪಿಕೊಂಡ ಅಂತಿದೆ. ಅವನು ಆಡಿದ ಮಾತು ಎಲ್ಲಿದೆ?’ ಅಂತ ಕೇಳಿದರು. ಮಾತು ಬರೆದಿರಲಿಲ್ಲ. ಒಂದು ಚೌಕದಲ್ಲಿ ಗೀಟು ಹಾಕಿತ್ತು, ಅಷ್ಟೇ. ‘ಈ ವಿಳಾಸ ಅವನ ಮನೆಯದೇ?’ ಹೌದು ಅಂದರು ಇಲಾಖೆ ವಕೀಲರು. ನ್ಯಾಯಾಧೀಶರು ನಮ್ಮ ನಕ್ಷೆ ತೆಗೆದರು. ಫೋಟೋ ತೆಗೆದರು. ವಂಶವೃಕ್ಷದ ಹಾಳೆ ತೆಗೆದಾಗ ನನ್ನ ಕೈಬರಹ ದೂರದಿಂದಲೇ ಕಾಣುತ್ತಿತ್ತು. ನನ್ನ ಮಗನ ಹೇಳಿಕೆಯನ್ನೂ ಓದಿದರು. ನಮ್ಮ ವಕೀಲೆ ಎದ್ದು, ಒಂದೇ ಬೀದಿಯ, ಒಂದೇ ಟೋಪಿಯ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಮಾತ್ರ ಯಾಕೆ ನಿಲ್ಲಿಸಿದರು ಅನ್ನುವುದನ್ನು ಗಮನಿಸಬೇಕು ಎಂದರು. ನ್ಯಾಯಾಧೀಶರು ತಲೆ ಎತ್ತಿ, ‘ಆ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮುಂದಿರುವುದು ಇವನು ಸದಸ್ಯನೋ ಅಲ್ಲವೋ ಅನ್ನುವುದು ಮಾತ್ರ’ ಅಂದರು. ಇಪ್ಪತ್ತೇ ನಿಮಿಷದಲ್ಲಿ ಮುಗಿಯಿತು. ಎರಡು ವಾರಕ್ಕೆ ಆದೇಶ ಬಂತು. ಇಲಾಖೆ ಸಾಬೀತು ಮಾಡಿಲ್ಲ, ಹೆಸರು ತೆಗೆಯಬೇಕು.

ಆಕೆ ಅತ್ತರು. ನಾನೂ ಅತ್ತೆ. ಆದರೆ ಕೇಳದೇ ಬಿಟ್ಟ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಬ್ಬೊಬ್ಬರೇ ಅರ್ಜಿ ಹಾಕಿ ಒಂದೊಂದೇ ಹೆಸರು ಅಳಿಸಿಕೊಳ್ಳುವ ಈ ದಾರಿಯಲ್ಲಿ, ಪಟ್ಟಿಯ ತುಂಬ ಒಂದೇ ಬಣ್ಣದ ಮಕ್ಕಳು ಯಾಕೆ ಅಂತ ಕೇಳಲು ಜಾಗವೇ ಇಲ್ಲ. ಅದನ್ನು ಕೇಳಬೇಕಾದರೆ ಗುಂಪಾಗಿ, ಇಡೀ ಪಟ್ಟಿಯ ಮೇಲೆಯೇ ಮೊಕದ್ದಮೆ ಹೂಡಬೇಕು. ಶಿಕಾಗೋದಲ್ಲಿ 2018ರಲ್ಲಿ ಹಾಗೆ ಹೂಡಿದರು. ಮರುವರ್ಷ ನಗರಾಡಳಿತದ ಮೇಲೆ ಕಣ್ಣಿಡುವ ಅಲ್ಲಿನ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಲೆಕ್ಕ ಹಾಕಿದಾಗ ಗ್ಯಾಂಗಿನವರು ಎಂದು ಗುರುತು ಹಾಕಿದ್ದು 1,34,000ಕ್ಕೂ ಹೆಚ್ಚು ಜನರನ್ನು, ಅದರಲ್ಲಿ ನೂರಕ್ಕೆ 95 ಕಪ್ಪು ಅಥವಾ ಲ್ಯಾಟಿನೋ ಜನ. ಲಂಡನ್ನಿನಲ್ಲಿ ಮೆಟ್ರೋಪಾಲಿಟನ್ ಪೊಲೀಸರ ‘ಗ್ಯಾಂಗ್ಸ್ ಮ್ಯಾಟ್ರಿಕ್ಸ್’ ಪಟ್ಟಿಯಲ್ಲಿ ನೂರಕ್ಕೆ 78 ಮಂದಿ ಕಪ್ಪು ಜನ ಅಂತ 2018ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ವರದಿ ಹೇಳಿತು. ಲಿಬರ್ಟಿ ಅನ್ನುವ ಸಂಸ್ಥೆ ಅದರ ಮೇಲೆ ಕೋರ್ಟಿಗೆ ಹೋಯಿತು. 2022ರ ನವೆಂಬರ್‌ನಲ್ಲಿ, ತಾವು ಅದನ್ನು ನಡೆಸಿದ ರೀತಿ ಕಾನೂನಿಗೆ ವಿರುದ್ಧವಾಗಿತ್ತು ಎಂದು ಪೊಲೀಸರೇ ಒಪ್ಪಿಕೊಂಡರು, ಸಾವಿರಕ್ಕೂ ಹೆಚ್ಚು ಹೆಸರು ತೆಗೆಯಲು ಒಪ್ಪಿದರು. 2024ರಲ್ಲಿ ಮ್ಯಾಟ್ರಿಕ್ಸ್ ಮುಚ್ಚಿತು. ಆ ಒಪ್ಪಿಗೆಯ ಸುದ್ದಿಯನ್ನು ಫೋನಿನಲ್ಲಿ ಓದಿದ ದಿನ ನಾನು ಎದ್ದು ಪಕ್ಕದ ಮನೆಯ ಬಾಗಿಲು ತಟ್ಟಿದ್ದೆ.

ಆದರೆ ನಮ್ಮ ಕಥೆ ಅದಕ್ಕಿಂತ ಮೊದಲು, 2020ರ ಜನವರಿಯಲ್ಲಿ, ಇನ್ನೊಮ್ಮೆ ಶುರುವಾಗಿತ್ತು. ಲಾಸ್ ಏಂಜಲೀಸ್ ನಗರ ಪೊಲೀಸರಲ್ಲಿ ಕೆಲವರು ಸುಳ್ಳು ಕಾರ್ಡ್ ಬರೆದು ಜನರನ್ನು ಪಟ್ಟಿಗೆ ಸೇರಿಸಿದ್ದಾರೆ ಅಂತ ಸುದ್ದಿ ಬಂತು. ಅದು ಹೊರಬಿದ್ದದ್ದು ಒಬ್ಬ ತಾಯಿಯಿಂದ. ಸ್ಯಾನ್ ಫರ್ನಾಂಡೋ ಕಣಿವೆಯ ಆ ತಾಯಿಗೂ ಇಂಥದೇ ಕಾಗದ ಬಂದಿತ್ತು. ನನ್ನ ಮಗ ಅಂಥವನಲ್ಲ ಅಂತ ಆಕೆ ಹೋಗಿ ದೂರು ಕೊಟ್ಟರು. ಮೇಲಧಿಕಾರಿ ಕ್ಯಾಮೆರಾ ವಿಡಿಯೋ ತೆಗೆದು ನೋಡಿದಾಗ ಕಾರ್ಡಿನಲ್ಲಿ ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಾಗಲಿಲ್ಲ. ಆ ವರ್ಷ ಜುಲೈಯಲ್ಲಿ ರಾಜ್ಯದ ಅಟಾರ್ನಿ ಜನರಲ್ ಜೇವಿಯರ್ ಬೆಸೆರಾ ಅವರು, ಆ ಇಲಾಖೆ ಸೇರಿಸಿದ ದಾಖಲೆಗಳನ್ನು ಯಾರೂ ನೋಡದಂತೆ ತಡೆದರು. ಇಡೀ ಕ್ಯಾಲ್‌ಗ್ಯಾಂಗ್‌ನಲ್ಲಿ ಅದು ಸುಮಾರು ಕಾಲು ಭಾಗ.

ಆ ಜನವರಿಯ ಸುದ್ದಿ ಟಿವಿಯಲ್ಲಿ ಬಂದ ಮಾರನೇ ದಿನ ಭಾನುವಾರ. ವೆಸಿನಾ ತಮ್ಮ ಅಕ್ಕನನ್ನು ಕರೆದುಕೊಂಡು ನಮ್ಮನೆಗೆ ಬಂದರು. ಟೈರ್ ಅಂಗಡಿಯ ಹುಡುಗನ ಅಮ್ಮ. ಒಂದು ವರ್ಷದಿಂದ ನಾವು ಎಷ್ಟು ಹೇಳಿದರೂ ಆಕೆ ಒಪ್ಪಿರಲಿಲ್ಲ. ನನ್ನ ಮಗನ ಹೆಸರು ಪಟ್ಟಿಯಲ್ಲಿದೆಯಾ ಅಂತ ಬರೆದು ಕೇಳುವ ಹಕ್ಕಿದೆ, ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು ಅಂದರೂ, ಕೇಳಿದರೆ ಅವರ ಕಣ್ಣು ನಮ್ಮ ಮೇಲೆ ಬೀಳುತ್ತೆ ಅನ್ನುತ್ತಿದ್ದರು. ಅವತ್ತು ಅವರ ಕೈಯಲ್ಲಿ ಒಂದು ಬಟ್ಟೆ ಚೀಲ ಇತ್ತು. ಒಳಗೆ ಮಗನ ಎಲ್ಲಾ ಅಂಕಪಟ್ಟಿಗಳು, ಟೈರ್ ಅಂಗಡಿಯ ಸಂಬಳದ ಚೀಟಿಗಳು, ಚರ್ಚಿನ ಫೋಟೋಗಳು. ಹುಡುಗ ಹಿಂದೆ ನಿಂತಿದ್ದ, ಕೈಗೆ ಇನ್ನೂ ಗ್ರೀಸ್ ಮೆತ್ತಿಕೊಂಡಿತ್ತು. ನನ್ನ ಮಗ ಊಟದ ಮೇಜಿನ ಮೇಲಿದ್ದ ಲೆಕ್ಕದ ಪುಸ್ತಕಗಳನ್ನು ಎತ್ತಿ ಜಾಗ ಮಾಡಿಕೊಟ್ಟ. ಪಕ್ಕದ ಮನೆಯ ಹುಡುಗ ಹೊಸ ಹಾಳೆ ತೆಗೆದು, ಮೇಲ್ಗಡೆ ತನ್ನಣ್ಣನ ಹೆಸರು ಬರೆದು, ಅದರ ಕೆಳಗೆ ನಮ್ಮ ಬೀದಿಯ ಹೆಸರು ಬರೆದ.